ಹಳೆಯ ಗಣಕದ ದೋಷ ಪತ್ತೆ: ಅಳಿಸುವ ಮುನ್ನ ಅಳೆಯಿರಿ

ಪ್ರಯೋಗಾಲಯದಲ್ಲಿ ವೋಲ್ಟ್‌ಮಾಪಕವೊಂದು ತಪ್ಪು ಅಳತೆ ತೋರಿಸಿದರೆ ನೀವೇನು ಮಾಡುತ್ತೀರಿ? ಅದನ್ನು ಕೂಡಲೇ ಬಿಚ್ಚಿ ಹೊಸದಾಗಿ ಜೋಡಿಸಲು ಹೋಗುವುದಿಲ್ಲ. ತಂತಿಯ ತುದಿ ಸಡಿಲವಾಗಿದೆಯೇ, ಕೋಶದ ಶಕ್ತಿ ಕುಂದಿದೆಯೇ, ಮುಳ್ಳು ಮೊದಲು ಸೊನ್ನೆಯಲ್ಲೇ ನಿಂತಿತ್ತೇ ಎಂದು ಒಂದೊಂದಾಗಿ ನೋಡುತ್ತೀರಿ. ಮನೆಯ ಗಣಕದ ವಿಷಯ ಬಂದಾಗ ಮಾತ್ರ ನಾವು ಈ ಶಿಸ್ತನ್ನು ಮರೆಯುತ್ತೇವೆ. ತೆರೆಯ ಮೇಲೆ ದೋಷದ ಸಂದೇಶವೊಂದು ಮೂಡಿದ್ದೇ ತಡ, ‘ಫಾರ್ಮ್ಯಾಟ್ ಮಾಡಿಸಿಬಿಡೋಣ’ ಎನ್ನುತ್ತೇವೆ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವ ಕಡತಗಳ ವಿಳಾಸಪಟ್ಟಿಯನ್ನು ತೆಗೆದುಹಾಕಿ ಹೊಸ ಪಟ್ಟಿಯನ್ನು ಬರೆಯುವುದು. ದೋಷ ಬೇರೆಲ್ಲೋ ಇದ್ದರೆ ಅದು ಹಾಗೆಯೇ ಉಳಿಯುತ್ತದೆ, ಕಡತಗಳು ಮಾತ್ರ ಹೋಗುತ್ತವೆ.

ಹರಿಹರದಲ್ಲಿರುವ ನನ್ನ ಸ್ನೇಹಿತರೊಬ್ಬರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರಿನವರಿಗೆಲ್ಲ ಅವರು ಮೇಷ್ಟ್ರು, ನನಗೂ ಅಷ್ಟೆ. ಅವರ ಮನೆಯಲ್ಲಿ 2006ರಲ್ಲಿ ಕೊಂಡ ಗಣಕವೊಂದಿದೆ. ವಿಂಡೋಸ್ ಎಕ್ಸ್‌ಪಿ, 512 ಮೆಗಾಬೈಟ್ ರ‍್ಯಾಮ್, 80 ಗಿಗಾಬೈಟ್ ಹಾರ್ಡ್ ಡಿಸ್ಕ್. ಅದರೊಳಗೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪಾಠದ ಟಿಪ್ಪಣಿಗಳಿವೆ. ಜೊತೆಗೆ ಶಾಲೆಯ ಅಂಗಳದ ಮಳೆಮಾಪಕವನ್ನು ಮಕ್ಕಳು ದಿನವೂ ಬೆಳಿಗ್ಗೆ ಎಂಟೂವರೆಗೆ ಓದಿ ಬರೆದ ಒಂಬತ್ತು ವರ್ಷಗಳ ಮಳೆಯ ಲೆಕ್ಕವಿದೆ, ವರ್ಷಕ್ಕೊಂದು ಕಡತದಂತೆ. ಟಿಪ್ಪಣಿಯನ್ನು ಮತ್ತೆ ಬರೆಯಬಹುದು. 2009ರ ಮಳೆಯನ್ನು ಮತ್ತೊಮ್ಮೆ ಸುರಿಸಲಾಗದು.

ಗಣಕ ಪದೇ ಪದೇ ನಿಂತುಹೋಗತೊಡಗಿದಾಗ ರಿಪೇರಿಯ ಹುಡುಗ ಬಂದು ನೋಡಿ ‘ಫಾರ್ಮ್ಯಾಟ್ ಹೊಡೀಬೇಕು ಸಾರ್, ಬೇರೆ ದಾರಿ ಇಲ್ಲ’ ಎಂದನಂತೆ. ಮೇಷ್ಟ್ರು ಒಪ್ಪಲಿಲ್ಲ. ಸಿಪಿಯು ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಗೆ ತಂದರು. ಬಸ್ಸಿನ ಹಿಂಭಾಗದಲ್ಲಿ ಕುಲುಕಾಡುವ ಬದಲು ತೊಡೆಯ ಮೇಲೆ ಬಂದದ್ದು ಆ ಹಾರ್ಡ್ ಡಿಸ್ಕಿನ ಪುಣ್ಯ. ಆ ಗಣಕವನ್ನೇ ಮುಂದಿಟ್ಟುಕೊಂಡು ದೋಷ ಹುಡುಕುವ ಕ್ರಮವನ್ನು ವಿವರಿಸುತ್ತೇನೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಾಗಿ ನಿನ್ನೆ ಮೊನ್ನೆ ಕೊಂಡಂತಿರುವ ಅನೇಕ ಗಣಕಗಳೂ ಈಗ ‘ಹಳೆಯವು’. ಕೆಳಗೆ ಹೇಳಿರುವ ತತ್ತ್ವಗಳು ಅವಕ್ಕೂ ಸಲ್ಲುತ್ತವೆ.

ಲಕ್ಷಣಗಳನ್ನು ಬೇರ್ಪಡಿಸುವುದು

ಮೇಷ್ಟ್ರ ದೂರುಗಳು ನಾಲ್ಕು. ಗಣಕದ ದಿನಾಂಕ ಪ್ರತಿ ಸಲವೂ 2005ರ ಜನವರಿ 1ಕ್ಕೆ ಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋದ ಟಿಪ್ಪಣಿಗಳು ಮಗಳ ಲ್ಯಾಪ್‌ಟಾಪ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕೆಲವೊಮ್ಮೆ ಗಣಕ ಹತ್ತು ಹದಿನೈದು ಸೆಕೆಂಡು ಕಲ್ಲಿನಂತೆ ನಿಂತು ಆಮೇಲೆ ಮುಂದುವರಿಯುತ್ತದೆ. ಇನ್ನು ಆರಂಭವಾಗುವಾಗಲೆಲ್ಲ ಡಿಸ್ಕ್ ಪರೀಕ್ಷೆಯ ನೀಲಿ ತೆರೆ ಬರುತ್ತದೆ.

ನಾಲ್ಕೂ ಒಟ್ಟಿಗೆ ಕಂಡುಬಂದರೆ ‘ವೈರಸ್ ಬಂದಿದೆ’ ಎಂದು ಒಂದೇ ಕಾರಣ ಹೇಳಿಬಿಡುವುದು ಸುಲಭ. ಆದರೆ ಇಪ್ಪತ್ತು ವರ್ಷದ ಯಂತ್ರದಲ್ಲಿ ನಾಲ್ಕು ಲಕ್ಷಣಕ್ಕೆ ಮೂರು ಕಾರಣ ಇರುವುದು ಅಸಾಧ್ಯವೇನಲ್ಲ. ಆದ್ದರಿಂದ ಮೊದಲ ಉಪಕರಣ ಒಂದು ನೋಟ್‌ಪುಸ್ತಕ. ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಿ. ಆಗ ಯಾವ ಕಡತ ತೆರೆದಿತ್ತು, ಗಣಕ ಹೊತ್ತಿಸಿ ಎಷ್ಟು ಹೊತ್ತಾಗಿತ್ತು ಎಂಬುದನ್ನೂ ಬರೆಯಿರಿ. ವಿಂಡೋಸ್ ತಾನೂ ಒಂದು ದಿನಚರಿ ಇಟ್ಟಿರುತ್ತದೆ. ಅದರ ಹೆಸರು ಇವೆಂಟ್ ವ್ಯೂಯರ್. ಅದರ ‘ಸಿಸ್ಟಮ್’ ಭಾಗದಲ್ಲಿ ಕೆಂಪು ಗುರುತಿನ ಸಾಲುಗಳನ್ನು ನೋಡಿ. ‘ಡಿಸ್ಕ್’ ಹೆಸರಿನಲ್ಲಿ 7ನೇ ಸಂಖ್ಯೆಯ ಘಟನೆಯಿದ್ದರೆ ಡಿಸ್ಕಿನಲ್ಲಿ ಓದಲಾಗದ ಭಾಗವಿದೆ ಎಂದರ್ಥ. ಅದೇ ಹೆಸರಿನಲ್ಲಿ 11 ಇದ್ದರೆ ನಿಯಂತ್ರಕ ಅಥವಾ ಕೇಬಲಿನ ಕಡೆ ಸಂಶಯ. ‘ಎನ್‌ಟಿಎಫ್‌ಎಸ್’ ಹೆಸರಿನಲ್ಲಿ 55 ಇದ್ದರೆ ಕಡತಗಳ ವಿಳಾಸಪಟ್ಟಿಯಲ್ಲಿ ಗೊಂದಲವಾಗಿದೆ. ಮೇಷ್ಟ್ರ ಗಣಕದಲ್ಲಿ 7 ಹನ್ನೊಂದು ಸಲ, 55 ಎರಡು ಸಲ ಬಂದಿತ್ತು. ದಿನಾಂಕಗಳೆಲ್ಲ 2005ರ ಜನವರಿ! ಗಡಿಯಾರ ಕೆಟ್ಟರೆ ದಿನಚರಿಯೂ ಕೆಡುತ್ತದೆ. ಆದ್ದರಿಂದ ಗಡಿಯಾರದಿಂದಲೇ ಆರಂಭಿಸೋಣ.

ಮೂರು ವೋಲ್ಟಿನ ಕೋಶ

ಗಣಕ ಆರಿಸಿದಾಗಲೂ ಗಡಿಯಾರ ನಡೆಯಲು ಮದರ್‌ಬೋರ್ಡಿನ ಮೇಲೆ ನಾಣ್ಯದ ಗಾತ್ರದ ಲಿಥಿಯಂ ಕೋಶವಿರುತ್ತದೆ. ಅದರ ಮೇಲೆ 2032 ಎಂದು ಬರೆದಿರುತ್ತದೆ: 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಹೊಸದರ ವಿಭವ 3 ವೋಲ್ಟಿಗಿಂತ ತುಸು ಹೆಚ್ಚು. ಮಲ್ಟಿಮೀಟರಿನಲ್ಲಿ ಅಳೆದಾಗ ಈ ಕೋಶ 2.1 ವೋಲ್ಟ್ ತೋರಿಸಿತು. ಕೋಶ ಬದಲಿಸಿದ್ದರಿಂದ ಮೊದಲ ದೂರು ಮುಗಿಯಿತು.

ಇದು ಚಿಕ್ಕ ವಿಷಯವೆನಿಸಿದರೂ ಇದರ ಬಾಲ ಉದ್ದ. ದಿನಾಂಕ ಹಿಂದಕ್ಕೆ ಹೋದರೆ ಅಂತರಜಾಲದ ಸುರಕ್ಷಿತ ತಾಣಗಳು ತೆರೆಯುವುದಿಲ್ಲ, ಏಕೆಂದರೆ ತಾಣದ ಪ್ರಮಾಣಪತ್ರದ ಅವಧಿ ‘ಇನ್ನೂ ಆರಂಭವಾಗಿಲ್ಲ’ ಎಂದು ಗಣಕ ಭಾವಿಸುತ್ತದೆ. ಕೋಶ ಪೂರ್ತಿ ಇಳಿದರೆ ಬಯಾಸ್‌ನಲ್ಲಿದ್ದ ಆಯ್ಕೆಗಳೂ ಮೂಲಸ್ಥಿತಿಗೆ ಮರಳುತ್ತವೆ. ಹಾರ್ಡ್ ಡಿಸ್ಕನ್ನು ಯಾವ ವಿಧಾನದಲ್ಲಿ ಮಾತನಾಡಿಸಬೇಕೆಂಬ ಆಯ್ಕೆಯೂ ಅವುಗಳಲ್ಲೊಂದು. ಅದು ಬದಲಾದರೆ ವಿಂಡೋಸ್ ಆರಂಭದಲ್ಲೇ 7ಬಿ ಎಂಬ ಕೊನೆಯಿರುವ ಸಂಖ್ಯೆಯೊಡನೆ ನೀಲಿ ತೆರೆ ತೋರಿಸಿ ನಿಲ್ಲುತ್ತದೆ. ಡಿಸ್ಕ್ ಚೆನ್ನಾಗಿದೆ, ವಿಂಡೋಸ್ ಚೆನ್ನಾಗಿದೆ, ಕೆಟ್ಟಿರುವುದು ಪುಟ್ಟ ಕೋಶ. ಇಂಥ ಗಣಕಗಳನ್ನೂ ಫಾರ್ಮ್ಯಾಟ್ ಮಾಡಿದ್ದುಂಟು.

ಕೆಟ್ಟಂತೆ ಕಾಣುವ ಕನ್ನಡ

ಎರಡನೆಯ ದೂರು ಕನ್ನಡಿಗರಿಗೇ ವಿಶೇಷವಾದದ್ದು. ಅದನ್ನು ತುಸು ವಿವರವಾಗಿ ನೋಡಬೇಕು. ಗಣಕದೊಳಗೆ ಅಕ್ಷರಗಳಿಲ್ಲ, ಸಂಖ್ಯೆಗಳು ಮಾತ್ರ ಇವೆ ಎಂಬುದು ನಿಮಗೆ ಗೊತ್ತು. ಬರಹ ತಂತ್ರಾಂಶ ಬಂದ 1998ರ ಆಸುಪಾಸಿನಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗ, ಸಾಮಾನ್ಯ ಗಣಕಗಳಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಖ್ಯೆಗಳ ಬಳಕೆ ಇರಲಿಲ್ಲ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ 0ರಿಂದ 255ರವರೆಗಿನ ಸಂಖ್ಯೆಗಳನ್ನೇ ಬಳಸಿ, ಫಾಂಟಿನಲ್ಲಿ ಆ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿದರು. ಅಂದಿನ ಮಟ್ಟಿಗೆ ಅದು ಜಾಣ ಉಪಾಯ. ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಡಿಸ್ಕಿನಲ್ಲಿ ಕೂರುವುದು ಏಳು ಬೈಟುಗಳು: 80, 192, 163, 192, 223, 113, 192. ಇಲ್ಲಿ 80 ಎಂದರೆ ‘ಕ’ದ ಒಡಲು, ಮೂರು ಕಡೆ ಬರುವ 192 ಎಂದರೆ ತಲೆಕಟ್ಟು, 223 ಎಂದರೆ ‘ನ’ದ ಒತ್ತು. ನುಡಿಯ ಫಾಂಟ್ ಇಲ್ಲದ ಗಣಕ 80ನ್ನು ಇಂಗ್ಲಿಷಿನ ‘ಪಿ’ ಎಂದೂ 192ನ್ನು ತಲೆಯ ಮೇಲೆ ಗೀರಿರುವ ‘ಎ’ ಎಂದೂ ತೋರಿಸುತ್ತದೆ.

ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದವೇ. ‘ಕನ್ನಡ’ ಎಂದರೆ 3221, 3240, 3277, 3240, 3233. ಇವನ್ನು ಬೇರೆ ಲಿಪಿಯೆಂದು ಯಾವ ಗಣಕವೂ ತಪ್ಪಾಗಿ ಓದಲಾರದು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡಕ್ಕಾಗಿ ಒಂದು ಫಾಂಟ್ ಇತ್ತು. ಅದರ ಹೆಸರು ತುಂಗಾ. ಹರಿಹರದವರಿಗೆ ಅಷ್ಟರಮಟ್ಟಿಗೆ ಅದು ಮನೆಯ ಮಗಳು, ಭದ್ರೆಯೊಡನೆ ಕೂಡಿ ಊರ ಪಕ್ಕದಲ್ಲೇ ಹರಿಯುತ್ತಾಳೆ.

ಹಾಗಾದರೆ ಕಡತ ನಿಜವಾಗಿ ಕೆಟ್ಟಿದೆಯೋ, ಫಾಂಟ್ ಮಾತ್ರ ಇಲ್ಲವೋ ಎಂದು ಹೇಗೆ ತಿಳಿಯುವುದು? ಫಾಂಟಿನ ಕೊರತೆಯಾದರೆ ಮೊದಲಿಂದ ಕೊನೆಯವರೆಗೆ ಒಂದೇ ಬಗೆಯ ವಿಕಾರ ಇರುತ್ತದೆ. ಸಾಲುಗಳ ಉದ್ದ, ಪದಗಳ ನಡುವಿನ ಜಾಗ, ಅಂಕಿಗಳು ಇದ್ದಲ್ಲೇ ಇರುತ್ತವೆ. ಒಂದೇ ಪದ ಎಲ್ಲಿ ಬಂದರೂ ಒಂದೇ ರೀತಿ ವಿಕಾರವಾಗಿರುತ್ತದೆ. ಕಡತ ನಿಜವಾಗಿ ಕೆಟ್ಟಿದ್ದರೆ ಒಂದು ಜಾಗದವರೆಗೆ ಎಲ್ಲ ಸರಿಯಿದ್ದು, ಅಲ್ಲಿಂದ ಹಠಾತ್ತನೆ ಖಾಲಿ, ಚೌಕಗಳು ಅಥವಾ ಬೇರಾವುದೋ ಕಡತದ ತುಣುಕು ಬರುತ್ತದೆ. ಮೇಷ್ಟ್ರ ಟಿಪ್ಪಣಿಗಳು ಮೊದಲನೆಯ ಬಗೆಯವು. ಲ್ಯಾಪ್‌ಟಾಪ್‌ಗೆ ನುಡಿಯ ಫಾಂಟ್ ಹಾಕಿದೊಡನೆ ಅವು ಓದಲು ಬಂದವು. ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್ ಪ್ರತಿ ಮಾಡಿಕೊಂಡೆವು. ಒತ್ತಕ್ಷರಗಳಲ್ಲಿ ಒಮ್ಮೊಮ್ಮೆ ತಪ್ಪು ನುಸುಳುವುದರಿಂದ ಮೂಲಪ್ರತಿಯನ್ನು ಅಳಿಸಲಿಲ್ಲ. ಇಂಥ ಕಡತ ವಿಕಾರವಾಗಿ ಕಂಡಾಗ ತಿದ್ದಿ ಸೇವ್ ಮಾಡಬೇಡಿ. ಅಲ್ಲಿಯವರೆಗೆ ಇಲ್ಲದ ದೋಷ ಆಗ ನಿಜವಾಗಿ ಹುಟ್ಟುತ್ತದೆ.

ದೋಷ ಒಂದೇ ಜಾಗದಲ್ಲಿದೆಯೇ, ಅಲೆಯುತ್ತದೆಯೇ?

ಉಳಿದ ಎರಡು ದೂರುಗಳು ಗಂಭೀರ. ಇಲ್ಲಿ ಭೌತವಿಜ್ಞಾನದ ಮೊದಲ ವರ್ಷದ ಪಾಠವೊಂದು ನೆರವಿಗೆ ಬರುತ್ತದೆ. ಅಳತೆಯ ದೋಷಗಳಲ್ಲಿ ಎರಡು ಬಗೆ: ಮತ್ತೆ ಮತ್ತೆ ಅಳೆದರೂ ಒಂದೇ ರೀತಿ ಬರುವ ವ್ಯವಸ್ಥಿತ ದೋಷ, ಸಲಸಲಕ್ಕೂ ಬದಲಾಗುವ ಯಾದೃಚ್ಛಿಕ ದೋಷ. ಗಣಕದಲ್ಲೂ ಹಾಗೆಯೇ. ಒಂದೇ ಕಡತ ತೆರೆದಾಗ, ಒಂದೇ ಜಾಗದಲ್ಲಿ, ಒಂದೇ ಸಂದೇಶ ಬರುತ್ತಿದ್ದರೆ ದೋಷ ಡಿಸ್ಕಿನಲ್ಲಿ ಅಥವಾ ಆ ತಂತ್ರಾಂಶದಲ್ಲಿ ನೆಲೆಯಾಗಿದೆ. ಇಂದು ಒಂದು ಸಂದೇಶ, ನಾಳೆ ಇನ್ನೊಂದು, ನೀಲಿ ತೆರೆಯ ಸಂಖ್ಯೆ ಒಮ್ಮೆ 50, ಒಮ್ಮೆ 24 ಎಂದು ಬದಲಾಗುತ್ತಿದ್ದರೆ ರ‍್ಯಾಮ್, ವಿದ್ಯುತ್ ಪೂರೈಕೆ, ಬಿಸಿ ಇವುಗಳ ಮೇಲೆ ಸಂಶಯ ಪಡಬೇಕು.

ಒಂದು ಸರಳ ಪ್ರಯೋಗ ಮಾಡಿ. ದೊಡ್ಡ ಕಡತವೊಂದನ್ನು ನಕಲು ಮಾಡಿ, ಮೂಲ ಮತ್ತು ನಕಲುಗಳನ್ನು ಕಮಾಂಡ್ ಪ್ರಾಂಪ್ಟ್‌ನ ‘ಎಫ್‌ಸಿ’ ಆಜ್ಞೆಯಿಂದ (‘/ಬಿ’ ಸೇರಿಸಿ) ಬೈಟಿಗೆ ಬೈಟು ಹೋಲಿಸಿ. ಹೋಲಿಕೆಯನ್ನು ಮೂರು ಸಲ ಮಾಡಿ. ಮೂರು ಸಲವೂ ವ್ಯತ್ಯಾಸವಿಲ್ಲದಿದ್ದರೆ ಸಂತೋಷ. ಮೂರು ಸಲವೂ ಒಂದೇ ಸ್ಥಾನದಲ್ಲಿ ವ್ಯತ್ಯಾಸವಿದ್ದರೆ ನಕಲು ಮಾಡುವಾಗ ತಪ್ಪಾಗಿ, ಆ ತಪ್ಪೇ ಡಿಸ್ಕಿನಲ್ಲಿ ಬರೆದುಹೋಗಿದೆ. ಪ್ರತಿ ಸಲವೂ ಬೇರೆ ಬೇರೆ ಸ್ಥಾನ ಬಂದರೆ ಓದುವ ದಾರಿಯಲ್ಲೇ ಏನೋ ಅಲುಗಾಡುತ್ತಿದೆ. ಒಂದು ಎಚ್ಚರಿಕೆ: ಕಡತ ರ‍್ಯಾಮ್‌ಗಿಂತ ದೊಡ್ಡದಿರಬೇಕು. ಇಲ್ಲದಿದ್ದರೆ ಎರಡನೆಯ ಸಲ ಗಣಕ ಡಿಸ್ಕನ್ನು ಮುಟ್ಟದೆ, ರ‍್ಯಾಮ್‌ನಲ್ಲಿ ಉಳಿದ ಪ್ರತಿಯನ್ನೇ ನಿಮ್ಮ ಮುಂದಿಡುತ್ತದೆ. 512 ಮೆಗಾಬೈಟಿನ ಗಣಕಕ್ಕೆ 700 ಮೆಗಾಬೈಟಿನ ಚಲನಚಿತ್ರದ ಕಡತ ಸಾಕಾಯಿತು. ಆದರೆ ಹೋಲಿಕೆಗಾಗಿ ಬರೆಯುವ ನಕಲು ಸಂಶಯವಿರುವ ಡಿಸ್ಕಿಗೆ ಹೋಗಬಾರದು, ಪೆನ್‌ಡ್ರೈವ್‌ಗೆ ಹೋಗಲಿ.

ರ‍್ಯಾಮ್‌ನ ಒಂದೇ ಒಂದು ಬಿಟ್ ತಪ್ಪಿದರೆ ಏನಾಗುತ್ತದೆ? ಯೂನಿಕೋಡ್‌ನಲ್ಲಿ ‘ಕ’ 3221, ‘ಗ’ 3223. ದ್ವಿಮಾನ ಪದ್ಧತಿಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ಒಂದು ಬಿಟ್ ಮಾತ್ರ. ಆ ಬಿಟ್ 0 ಇದ್ದದ್ದು 1 ಆದರೆ ‘ಕಾಳಿ’ ‘ಗಾಳಿ’ಯಾಗುತ್ತಾಳೆ. ಲೇಖನದಲ್ಲಾದರೆ ಕರಡು ತಿದ್ದುವವರ ಕಣ್ಣಿಗೆ ಬಿದ್ದೀತು. ಮಳೆಯ ಅಳತೆಯಲ್ಲಿ 12 ಮಿಲಿಮೀಟರ್ 16 ಆದರೆ ಯಾರಿಗೂ ತಿಳಿಯದು.

ಆದ್ದರಿಂದ ರ‍್ಯಾಮ್ ಪರೀಕ್ಷೆಯನ್ನು ಉಳಿದೆಲ್ಲಕ್ಕಿಂತ ಮೊದಲು ಮಾಡಬೇಕು. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಸಿಡಿ ಅಥವಾ ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಗಣಕವನ್ನು ಆರಂಭಿಸಿದರೆ, ವಿಂಡೋಸ್‌ನ ಹಂಗಿಲ್ಲದೆ ಅದು ಸ್ಮೃತಿಯ ಮೂಲೆಮೂಲೆಗೂ ಬರೆದು ಮತ್ತೆ ಓದಿ ನೋಡುತ್ತದೆ. ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ರಾತ್ರಿಯಿಡೀ ಓಡಲಿ. ಒಂದೇ ವಿಳಾಸದಲ್ಲಿ ತಪ್ಪು ಬರುತ್ತಿದ್ದರೆ ಚಿಪ್ ಕೆಟ್ಟಿದೆ. ಚದುರಿದಂತೆ ಬರುತ್ತಿದ್ದರೆ ರ‍್ಯಾಮ್ ಪಟ್ಟಿಯನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ಮತ್ತೆ ಕೂರಿಸಿ ನೋಡಿ. ಪ್ಲಗ್ ತೆಗೆದಿರಬೇಕು. ಮುಟ್ಟುವ ಮುನ್ನ ಪೆಟ್ಟಿಗೆಯ ಲೋಹದ ಮೈಯನ್ನು ಕೈಯಿಂದ ಮುಟ್ಟಿ ದೇಹದ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಳ್ಳಿ.

ಮೇಷ್ಟ್ರ ಗಣಕದ ರ‍್ಯಾಮ್ ಎಂಟು ಗಂಟೆಯ ಪರೀಕ್ಷೆಯಲ್ಲಿ ಒಂದು ತಪ್ಪನ್ನೂ ತೋರಿಸಲಿಲ್ಲ.

ತಟ್ಟೆಯ ಮೇಲೋ, ತಂತಿಯಲ್ಲೋ

ಈಗ ಡಿಸ್ಕ್. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಓದುವ ತಲೆ ತಟ್ಟೆಯ ಮೇಲೆ ಹಾರುವ ಎತ್ತರ ಕೆಲವು ಹತ್ತು ನ್ಯಾನೋಮೀಟರುಗಳಿಗಿಂತ ಹೆಚ್ಚಿಲ್ಲ. ನಮ್ಮ ತಲೆಗೂದಲ ದಪ್ಪ ಅದರ ಸಾವಿರಾರು ಪಟ್ಟು. ಈ ಡಿಸ್ಕಿನಲ್ಲಿ ದತ್ತಾಂಶ 512 ಬೈಟುಗಳ ಸೆಕ್ಟರ್ ಎಂಬ ತುಂಡುಗಳಲ್ಲಿರುತ್ತದೆ. ಪ್ರತಿ ತುಂಡಿನ ಜೊತೆಗೂ ದೋಷ ತಿದ್ದುವ ಸಂಕೇತಗಳಿರುತ್ತವೆ. ಸಣ್ಣಪುಟ್ಟ ತಪ್ಪನ್ನು ಡಿಸ್ಕ್ ತಾನೇ ತಿದ್ದಿಕೊಳ್ಳುತ್ತದೆ, ನಮಗೆ ತಿಳಿಯುವುದೇ ಇಲ್ಲ. ತಿದ್ದಲಾಗದಿದ್ದರೆ ಇನ್ನೊಂದು ಸುತ್ತು ಕಾದು ಮತ್ತೆ ಓದುತ್ತದೆ, ಮತ್ತೆ, ಮತ್ತೆ. ನೂರು ಸಲ ಪ್ರಯತ್ನಿಸಿದರೆ 0.83 ಸೆಕೆಂಡ್. ವಿಂಡೋಸ್ ಕೂಡ ತನ್ನ ಕಡೆಯಿಂದ ಮತ್ತೆ ಕೇಳುತ್ತದೆ. ಅಕ್ಕಪಕ್ಕದ ಕೆಲವು ಸೆಕ್ಟರುಗಳು ಹೀಗಾದರೆ ಹತ್ತು ಹದಿನೈದು ಸೆಕೆಂಡು ಲೆಕ್ಕಕ್ಕೆ ಸಿಗುತ್ತದೆ. ಪೆಟ್ಟಿಗೆಯ ಮುಂದಿನ ಕೆಂಪು ದೀಪ ಆರದೆ ಉರಿಯುತ್ತಾ ಮೌಸ್ ನಿಶ್ಚಲವಾಗುವುದು ಈ ಹೊತ್ತಿನಲ್ಲೇ.

ಆದರೆ ಇದೇ ಲಕ್ಷಣ ಸಡಿಲವಾದ ಕೇಬಲಿನಿಂದಲೂ ಬರಬಹುದು. ಡಿಸ್ಕ್ ಸರಿಯಾಗಿ ಓದಿಯೂ ದತ್ತಾಂಶ ತಂತಿಯಲ್ಲಿ ಬರುವಾಗ ಕೆಡಬಹುದು. ಎರಡನ್ನೂ ಬೇರ್ಪಡಿಸುವುದು ಹೇಗೆ? ತಂತಿಯಲ್ಲಿ ಕಳಿಸುವ ದತ್ತಾಂಶಕ್ಕೆ ಬೇರೆಯೇ ಒಂದು ಪರೀಕ್ಷಾ ಸಂಖ್ಯೆ ಇರುತ್ತದೆ. ಎರಡೂ ಬಗೆಯ ತಪ್ಪುಗಳನ್ನು ಡಿಸ್ಕ್ ಪ್ರತ್ಯೇಕವಾಗಿ ಎಣಿಸಿ ಇಟ್ಟುಕೊಳ್ಳುತ್ತದೆ. ಈ ಎಣಿಕೆಗೆ ‘ಸ್ಮಾರ್ಟ್’ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಥವಾ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶಗಳಲ್ಲಿ ಅದನ್ನು ಓದಬಹುದು. ಉದ್ದನೆಯ ಪಟ್ಟಿಯಲ್ಲಿ ನಿಮಗೆ ಮುಖ್ಯವಾಗಿ ಬೇಕಾದ ಸಾಲುಗಳು ಮೂರು. 5ನೇ ಸಾಲು ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟಿರುವ ಸೆಕ್ಟರುಗಳ ಸಂಖ್ಯೆ. 197 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು. 199 ತಂತಿಯಲ್ಲಾದ ತಪ್ಪುಗಳು. 197 ಏರುತ್ತಿದ್ದರೆ ತಟ್ಟೆ ಕೆಡುತ್ತಿದೆ. 197 ಸೊನ್ನೆಯಿದ್ದು 199 ಏರುತ್ತಿದ್ದರೆ ಹೊಸ ಕೇಬಲ್ ಸಾಕು.

ಕೇಬಲಿನ ದೋಷಕ್ಕೆ ಎಕ್ಸ್‌ಪಿಯಲ್ಲಿ ಇನ್ನೊಂದು ವಿಚಿತ್ರ ಪರಿಣಾಮವಿತ್ತು. ಇಂಥ ತಪ್ಪುಗಳು ಆರಾದೊಡನೆ ಅದು ಡಿಸ್ಕಿನ ಸಂಪರ್ಕವನ್ನು ವೇಗದ ವಿಧಾನದಿಂದ ಪಿಐಒ ಎಂಬ ಹಳೆಯ ನಿಧಾನ ವಿಧಾನಕ್ಕೆ ಇಳಿಸಿಬಿಡುತ್ತಿತ್ತು. ಗಣಕ ಇದ್ದಕ್ಕಿದ್ದಂತೆ ಎತ್ತಿನ ಗಾಡಿಯಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಇದನ್ನೊಮ್ಮೆ ನೋಡಿ.

ಮೇಷ್ಟ್ರ ಡಿಸ್ಕಿನಲ್ಲಿ 199 ಸೊನ್ನೆ, 197ರ ಎದುರು 18. ಈ ತಂತ್ರಾಂಶ ಸಂಖ್ಯೆಯನ್ನು ಹದಿನಾರರ ಮಾನದಲ್ಲಿ ತೋರಿಸುತ್ತಿತ್ತು ಎಂಬುದನ್ನು ಮರೆಯಬಾರದು. 1×16+8, ಅಂದರೆ 24 ಸೆಕ್ಟರುಗಳು. ತಟ್ಟೆಯೇ ಕೆಡುತ್ತಿದೆ ಎಂಬುದು ಖಚಿತವಾಯಿತು.

ಇದು ಎಷ್ಟು ಅಪಾಯಕಾರಿ? 2007ರಲ್ಲಿ ಗೂಗಲ್‌ನ ಇಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಪರಿಶೀಲನೆಯಲ್ಲಿ ಮೊದಲ ಓದು ದೋಷ ಕಂಡ ಡಿಸ್ಕ್, ದೋಷ ಕಾಣದ ಡಿಸ್ಕಿಗಿಂತ, ಮುಂದಿನ 60 ದಿನಗಳಲ್ಲಿ ಕೈಕೊಡುವ ಸಂಭವ 39 ಪಟ್ಟು ಹೆಚ್ಚು ಎಂದು ಅವರು ಕಂಡರು. ಆದರೆ ಅದೇ ಅಧ್ಯಯನದಲ್ಲಿ ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲವೆನಿಸಿದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಮೊದಲು ಕೊಟ್ಟಿರಲಿಲ್ಲ. ಆದ್ದರಿಂದ ಸ್ಮಾರ್ಟ್ ‘ಕೆಟ್ಟಿದೆ’ ಎಂದರೆ ನಂಬಿ. ‘ಚೆನ್ನಾಗಿದೆ’ ಎಂದರೆ ಪೂರ್ತಿ ನಂಬಬೇಡಿ.

ಚೆಕ್‌ಡಿಸ್ಕ್ ಔಷಧಿಯೇ?

ಇಲ್ಲಿಯೇ ಹೆಚ್ಚಿನವರು ಎಡವುವುದು. ಡಿಸ್ಕಿನಲ್ಲಿ ದೋಷ ಎಂದೊಡನೆ ಚೆಕ್‌ಡಿಸ್ಕ್ ಓಡಿಸುತ್ತಾರೆ. ಅದು ಮಾಡುವ ಕೆಲಸವನ್ನು ತಿಳಿಯಲು ಕಡತಗಳ ವಿಳಾಸಪಟ್ಟಿ ಹೇಗಿರುತ್ತದೆಂದು ನೋಡಬೇಕು. ವಿಂಡೋಸ್ 98ರ ಕಾಲದ ಫ್ಯಾಟ್ ಪದ್ಧತಿಯಲ್ಲಿ ಒಂದು ಕಡತ ಬೇರೆ ಬೇರೆ ಬೀದಿಗಳ ಮನೆಗಳಲ್ಲಿ ಹಂಚಿ ಕುಳಿತ ಕೂಡುಕುಟುಂಬದಂತೆ. ಮೊದಲ ಮನೆಯ ಬಾಗಿಲಲ್ಲಿ ಎರಡನೆಯ ಮನೆಯ ಸಂಖ್ಯೆ, ಎರಡನೆಯದರಲ್ಲಿ ಮೂರನೆಯದು, ಹೀಗೆ. ಬರೆಯುತ್ತಿರುವಾಗ ಕರೆಂಟು ಹೋದರೆ ಸರಪಳಿ ತುಂಡಾಗುತ್ತದೆ. ಮುಂದಿನ ಮನೆಗಳಲ್ಲಿ ಜನರಿದ್ದಾರೆ, ಅವರು ಯಾರ ಕಡೆಯವರೆಂದು ಗೊತ್ತಿಲ್ಲ. ಇಂಥ ಅನಾಥ ತುಣುಕುಗಳನ್ನೇ ಪರೀಕ್ಷೆಯ ತಂತ್ರಾಂಶ ‘ಸಿಎಚ್‌ಕೆ’ ಬಾಲದ ಕಡತಗಳಾಗಿ ಕೂಡಿಡುತ್ತದೆ. ಎಕ್ಸ್‌ಪಿ ಮತ್ತು ಅನಂತರದ ಎನ್‌ಟಿಎಫ್‌ಎಸ್‌ನಲ್ಲಿ ಮಾಡಲಿರುವ ಬದಲಾವಣೆಯನ್ನು ಮೊದಲು ದಾಖಲೆಪುಸ್ತಕದಲ್ಲಿ ಬರೆದುಕೊಳ್ಳುವ ವ್ಯವಸ್ಥೆಯಿದೆ. ಕರೆಂಟು ಹೋದರೂ ಪಟ್ಟಿ ಬೇಗ ಸರಿಯಾಗುತ್ತದೆ. ಗಮನಿಸಿ, ಸರಿಯಾಗುವುದು ಪಟ್ಟಿ. ಬರೆಯುತ್ತಿದ್ದ ಕಡತದ ಒಳಗಿನ ವಿಷಯಕ್ಕೆ ಆ ಭರವಸೆ ಇಲ್ಲ.

ಚೆಕ್‌ಡಿಸ್ಕಿನ ಗುರಿಯೂ ಇದೇ: ಪಟ್ಟಿಯಲ್ಲಿ ವಿರೋಧಗಳಿರಬಾರದು. ಯಾವ ಕಡತ ನಿಮಗೆ ಮುಖ್ಯ ಎಂಬುದು ಅದಕ್ಕೆ ತಿಳಿಯದು. ‘/ಎಫ್’ ಇಲ್ಲದೆ ಓಡಿಸಿದರೆ ಅದು ಓದಿ ವರದಿ ಕೊಡುತ್ತದೆ, ಏನನ್ನೂ ಬದಲಿಸುವುದಿಲ್ಲ. ‘/ಎಫ್’ ಸೇರಿಸಿದರೆ ಡಿಸ್ಕಿಗೆ ಬರೆಯುತ್ತದೆ. ‘/ಆರ್’ ಸೇರಿಸಿದರೆ ಇಡೀ ಡಿಸ್ಕನ್ನು ತಡಕಾಡಿ ಕೆಟ್ಟ ಜಾಗಗಳನ್ನು ಗುರುತಿಸುತ್ತದೆ. ಸಾಯುತ್ತಿರುವ ಡಿಸ್ಕಿಗೆ ಈ ಗಂಟೆಗಟ್ಟಲೆಯ ಓಟವೇ ಕೊನೆಯ ಓಟವಾಗಬಹುದು. ರ‍್ಯಾಮ್ ಕೆಟ್ಟಿದ್ದಾಗಲಂತೂ ಇನ್ನೂ ಅನಾಹುತ. ಡಿಸ್ಕಿನ ಮೇಲೆ ಸರಿಯಾಗಿಯೇ ಇರುವ ಪಟ್ಟಿಯನ್ನು ಕೆಟ್ಟ ರ‍್ಯಾಮ್ ಮೂಲಕ ತಪ್ಪಾಗಿ ಓದಿ, ‘ತಪ್ಪಿದೆ’ ಎಂದು ತಿಳಿದು, ‘ತಿದ್ದಿ’ ಬರೆಯುತ್ತದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳು ತಯಾರಾಗುತ್ತಿದ್ದ ಕಾಲದ ಕುಶಲಕರ್ಮಿಗಳು ಇಂದಿಗೂ ಊರಿನಲ್ಲಿದ್ದಾರೆ. ಮೈಕ್ರೋಮೀಟರಿನ ಸೊನ್ನೆ ನೋಡದೆ ಕಬ್ಬಿಣಕ್ಕೆ ಉಳಿ ತಾಗಿಸುವುದು ಎಂಥ ಕೆಲಸವೆಂದು ಅವರನ್ನು ಕೇಳಬೇಕು.

ಹಾಗಾಗಿ ಕ್ರಮ ಇದು: ಮೊದಲು ರ‍್ಯಾಮ್, ಆಮೇಲೆ ಡಿಸ್ಕ್ ಮತ್ತು ಕೇಬಲ್, ಆಮೇಲೆ ನಕಲು, ನಕಲಾದ ಮೇಲಷ್ಟೇ ಚೆಕ್‌ಡಿಸ್ಕ್. ವಿಂಡೋಸ್‌ನ ಸ್ವಂತ ಕಡತಗಳನ್ನು ಪರೀಕ್ಷಿಸುವ ‘ಎಸ್‌ಎಫ್‌ಸಿ’ ಕಟ್ಟಕಡೆಗೆ. ವಿಂಡೋಸನ್ನು ಯಾವಾಗ ಬೇಕಾದರೂ ಮತ್ತೆ ಹಾಕಬಹುದು, ಅದಕ್ಕೆ ಅವಸರವಿಲ್ಲ.

ನಡುವೆ ಪೆಟ್ಟಿಗೆ ತೆರೆದಾಗ ಎರಡು ಕಡೆ ಕಣ್ಣು ಹಾಯಿಸಿ. ಒಂದು, ಪ್ರೊಸೆಸರಿನ ಫ್ಯಾನ್. ಧೂಳು, ಹತ್ತಿಯ ಎಳೆ, ಅಡುಗೆಮನೆಯ ಜಿಡ್ಡು ಸೇರಿ ಅಲ್ಲಿ ಕಂಬಳಿ ನೇಯ್ದಿರುತ್ತವೆ. ಇನ್ನೊಂದು, ಮದರ್‌ಬೋರ್ಡಿನ ಪುಟ್ಟ ಡಬ್ಬಿಯಂಥ ಕೆಪಾಸಿಟರುಗಳು. ಸುಮಾರು 1999ರಿಂದ 2007ರವರೆಗೆ ತಯಾರಾದ ಎಷ್ಟೋ ಬೋರ್ಡುಗಳಲ್ಲಿ ಇವುಗಳೊಳಗಿನ ದ್ರಾವಣದ ದೋಷದಿಂದ ಜಲಜನಕ ಉತ್ಪತ್ತಿಯಾಗಿ ನೆತ್ತಿ ಉಬ್ಬುತ್ತಿತ್ತು. ಇವುಗಳ ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಏಪ್ರಿಲ್ ಅವಕ್ಕೆ ಒಳ್ಳೆಯದಲ್ಲ. ಉಬ್ಬಿದ ಕೆಪಾಸಿಟರ್ ಕಂಡರೆ ಅಲೆಯುವ ದೋಷಗಳ ಮೂಲ ಸಿಕ್ಕಿತೆನ್ನಬಹುದು. ವಿದ್ಯುತ್ ಪೂರೈಕೆಯ 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6, 5 ವೋಲ್ಟಿನದರಲ್ಲಿ 4.75ರಿಂದ 5.25 ಇರಬೇಕು. ಹೊರಗಿನ ತುದಿಯಲ್ಲಿ ಅಳೆಯಿರಿ, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟಿನ ಶೃಂಗಬೆಲೆ 325 ವೋಲ್ಟ್. ಅಷ್ಟು ವಿಭವ ಅದರೊಳಗಿನ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ ಕೆಲಕಾಲ ಉಳಿದಿರಬಹುದು.

ಮಳೆಯ ಕಡತ

ಮೇಷ್ಟ್ರ ಡಿಸ್ಕನ್ನು ಬಿಚ್ಚಿ ಇನ್ನೊಂದು ಗಣಕಕ್ಕೆ ಜೋಡಿಸಿ, ಲಿನಕ್ಸ್‌ನಿಂದ ಆರಂಭಿಸಿದೆವು. ವಿಂಡೋಸ್ ಇರುವ ಗಣಕಕ್ಕೆ ಜೋಡಿಸಿದರೆ ಅದು ಡಿಸ್ಕಿಗೆ ತನ್ನದೇನನ್ನೋ ಬರೆಯದೆ ಬಿಡುವುದಿಲ್ಲ. ‘ಸರಿಪಡಿಸಲೇ?’ ಎಂದು ಕೇಳಿದರೆ ಬೇಡವೆನ್ನಬೇಕು. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಡಿಸ್ಕನ್ನು ಸೆಕ್ಟರ್ ಸೆಕ್ಟರಾಗಿ ನಕಲು ಮಾಡುತ್ತದೆ. ಅದರ ಜಾಣತನವೆಂದರೆ ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗಗಳನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಅವುಗಳ ಬಳಿ ಮರಳುತ್ತದೆ. ಎಲ್ಲಿಯವರೆಗೆ ಬಂದಿತೆಂಬ ನಕ್ಷೆಯನ್ನೂ ಬರೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೂ ಕೆಲಸ ಮೊದಲಿನಿಂದ ಆರಂಭವಾಗುವುದಿಲ್ಲ.

ಎಂಬತ್ತು ಗಿಗಾಬೈಟಿನಲ್ಲಿ ಕೊನೆಗೂ ಓದಲಾಗದೆ ಉಳಿದದ್ದು ಆ 24 ಸೆಕ್ಟರುಗಳೇ. ಎಂಟೆಂಟರ ಮೂರು ಗುಂಪು, ಗುಂಪಿಗೆ 4096 ಬೈಟುಗಳು. ಒಂದು ಗುಂಪು ಖಾಲಿ ಜಾಗದಲ್ಲಿತ್ತು. ಇನ್ನೊಂದು ವಿಂಡೋಸ್‌ನ ತಾತ್ಕಾಲಿಕ ಕಡತವೊಂದರಲ್ಲಿತ್ತು. ಮೂರನೆಯದು 2011ರ ಮಳೆಯ ಕಡತದ ನಡುವೆ.

ಮೇಷ್ಟ್ರು ಮಳೆಯ ಲೆಕ್ಕವನ್ನು ನೋಟ್‌ಪ್ಯಾಡ್‌ನಲ್ಲಿ ಸರಳ ಪಠ್ಯವಾಗಿ ಇಟ್ಟಿದ್ದರು. ದಿನಕ್ಕೊಂದು ಸಾಲು: ದಿನಾಂಕಕ್ಕೆ 10 ಬೈಟು, ಸಮಯಕ್ಕೆ 5, ಮಳೆಗೆ 5, ನಡುವಿನ ಅಲ್ಪವಿರಾಮಗಳಿಗೆ 2, ಸಾಲಿನ ಕೊನೆಗೆ 2. ಒಟ್ಟು 24. ಅಂದಮೇಲೆ 4096 ಬೈಟಿನ ಒಂದು ಗುಂಪಿನಲ್ಲಿ ಸುಮಾರು 170 ದಿನಗಳು. ಹೋದದ್ದು ಕಡತದ ಎರಡನೆಯ ಗುಂಪು. ಲೆಕ್ಕ ಹಾಕಿದರೆ ಜೂನ್ 20ರಿಂದ ಡಿಸೆಂಬರ್ 8ರವರೆಗೆ, ಇಡೀ ಮಳೆಗಾಲ. ಉಳಿದ ಭಾಗದಲ್ಲಿದ್ದದ್ದು ಹೆಚ್ಚಾಗಿ ಸೊನ್ನೆಗಳು. ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಉಳಿದ ಎಂಟು ವರ್ಷಗಳ ಕಡತಗಳು ಪೂರ್ತಿ ಸಿಕ್ಕಿವೆ. ಈಗ ಅವು ಮೂರು ಕಡೆ ಇವೆ, ಒಂದು ಪ್ರತಿ ನನ್ನ ಬಳಿ ದಾವಣಗೆರೆಯಲ್ಲಿ.

ಮುಂದಿನ ವಾರ ಅವರು ಶಾಲೆಗೆ ಹೋಗಿ ಬೀರುವಿನ ಕೆಳಗಿನ ಅರೆಯಲ್ಲಿ 2011ರ ರಿಜಿಸ್ಟರ್ ಹುಡುಕಿ ತೆಗೆದರು. ಮಕ್ಕಳ ಕೈಬರಹದ್ದು. ಆಗಸ್ಟ್ ತಿಂಗಳ ಎರಡು ಪುಟಗಳ ಅಂಚನ್ನು ಗೆದ್ದಲು ತಿಂದಿದೆ, ಒಂಬತ್ತು ದಿನಗಳ ಅಳತೆ ಓದಲು ಬರುವುದಿಲ್ಲ. ಉಳಿದದ್ದನ್ನು ಮೇಷ್ಟ್ರು ದಿನಕ್ಕೊಂದು ತಿಂಗಳಿನಂತೆ ಮತ್ತೆ ಬೆರಳಚ್ಚು ಮಾಡುತ್ತಿದ್ದಾರೆ. ಆ ಒಂಬತ್ತು ದಿನಗಳ ಸಾಲಿನಲ್ಲಿ ಸೊನ್ನೆ ಬರೆಯದೆ ಜಾಗವನ್ನು ಖಾಲಿ ಬಿಟ್ಟಿದ್ದಾರೆ.